ನೂಕಿದ ಬಲ ಎಲ್ಲಿಗೆ ಹೋಯಿತು?

ಮನೆಯ ಪುಟ್ಟ ಮಿಲ್ಲಿಂಗ್ ಮಷೀನಿಗೆ ಮೋಟಾರು, ಬಾಲ್‌ಸ್ಕ್ರೂ ಕೂಡಿಸಿ ಸಿಎನ್‌ಸಿ ಮಾಡಿಕೊಂಡವರಿಗೆಲ್ಲ ಬೇಗನೆ ಕಾಣುವ ಕೊರತೆ ಒಂದೇ. ಮೂರೂ ಅಕ್ಷಗಳು ತಾವಾಗಿ ಓಡಾಡುತ್ತವೆ, ಟೂಲ್ ಬದಲಿಸುವ ಹೊತ್ತು ಬಂದರೆ ಮಾತ್ರ ಎಲ್ಲವೂ ನಿಂತು ಮನುಷ್ಯನಿಗೆ ಕಾಯುತ್ತವೆ. ಸ್ಪಿಂಡಲ್ ತಿರುಗದಂತೆ ಹಿಡಿದು, ಕಟ್ಟರ್ ಹಿಡಿಯುವ ಕಾಲೆಟ್ಟನ್ನು ಸ್ಪಿಂಡಲಿನೊಳಗಿಂದ ಮೇಲಕ್ಕೆಳೆದಿಡುವ ಉದ್ದ ಬೋಲ್ಟಾದ ಡ್ರಾಬಾರಿನ ತಲೆಗೆ ಸ್ಪ್ಯಾನರ್ ಹಾಕಿ ಸಡಿಲಿಸಿ, ಹಿತ್ತಾಳೆ ಸುತ್ತಿಗೆಯಿಂದ ತಟ್ಟಿ ಕಾಲೆಟ್ ಬಿಡಿಸಿ, ಹೊಸ ಕಟ್ಟರ್ ಏರಿಸಿ ಮತ್ತೆ ಬಿಗಿಯಬೇಕು. ಫೇಸ್ ಮಿಲ್, ಎಂಡ್ ಮಿಲ್, ಡ್ರಿಲ್, ಟ್ಯಾಪ್ ಎಂದು ಒಂದು ಸಣ್ಣ ಬ್ರಾಕೆಟ್ಟಿಗೇ ನಾಲ್ಕು ಸಲ ಈ ಉಪಚಾರ. ಇದನ್ನೆಲ್ಲ ಒಂದು ಗುಂಡಿಗೆ ಒಪ್ಪಿಸುವ ಸಾಧನವೇ ಪವರ್ ಡ್ರಾಬಾರ್. ಹವ್ಯಾಸಿಯೊಬ್ಬ ತಾನೇ ವಿನ್ಯಾಸ ಮಾಡಬಹುದಾದ ಯಂತ್ರಭಾಗಗಳಲ್ಲಿ ಇದಕ್ಕಿಂತ ರುಚಿಕಟ್ಟಾದುದನ್ನು ನಾನು ಕಂಡಿಲ್ಲ.

ಅಮೆರಿಕದ ಬ್ರಿಜ್‌ಪೋರ್ಟ್ ಮಷೀನುಗಳಿಂದ ಬಂದ ಆರ್8 ಟೇಪರನ್ನೇ ತೆಗೆದುಕೊಳ್ಳೋಣ, ಹವ್ಯಾಸಿ ಮಷೀನುಗಳಲ್ಲಿ ಇದು ಸರ್ವೇಸಾಮಾನ್ಯ. ಡ್ರಾಬಾರಿನ ತುದಿಯಲ್ಲಿ 7/16 ಇಂಚಿನ, ಇಂಚಿಗೆ 20 ಸುತ್ತಿನ ಥ್ರೆಡ್. ಅದನ್ನು ಸ್ಪ್ಯಾನರಿನಲ್ಲಿ 25 ನ್ಯೂಟನ್-ಮೀಟರಿನಷ್ಟು ಬಿಗಿದರೆ ಕಾಲೆಟ್ಟನ್ನು ಮೇಲಕ್ಕೆಳೆಯುವ ಬಲ ಸುಮಾರು 11 ಕಿಲೋನ್ಯೂಟನ್, ಅಂದರೆ ಒಂದು ಟನ್ನಿಗೂ ಮೇಲೆ. ಮೊಣಕೈ ಅಲುಗಿಸಿ ನಾವು ಸಲೀಸಾಗಿ ಮಾಡುವ ಕೆಲಸದೊಳಗೆ ಇಷ್ಟು ಬಲ ಅಡಗಿದೆ.

ಈ ಬಲವನ್ನು ಯಂತ್ರದಿಂದಲೇ ಪಡೆಯುವ ದಾರಿಗಳು ಎರಡು. ಗಾಳಿಯಿಂದ ಓಡುವ ಸಣ್ಣ ಇಂಪ್ಯಾಕ್ಟ್ ರೆಂಚನ್ನು ಸ್ಪಿಂಡಲಿನ ನೆತ್ತಿಯ ಮೇಲೆ ಕೂರಿಸಿ, ಬೇಕೆಂದಾಗ ಕೆಳಗಿಳಿಸಿ ಡ್ರಾಬಾರನ್ನು ತಿರುಗಿಸುವುದು ಮೊದಲನೆಯದು. ಖರ್ಚು ಕಡಿಮೆ, ಲೆಕ್ಕಾಚಾರವೂ ಕಡಿಮೆ. ಡ್ರಾಬಾರಿನ ತಲೆ ಮೇಲೇಳದಂತೆ ಒಂದು ಮುಚ್ಚಳ ಕೊಟ್ಟರೆ ಥ್ರೆಡ್ ಬಿಚ್ಚುವಾಗ ಅದೇ ಕಾಲೆಟ್ಟನ್ನು ಕೆಳಕ್ಕೆ ತಳ್ಳುತ್ತದೆ, ಸುತ್ತಿಗೆಯ ಗೊಡವೆಯೂ ಇಲ್ಲ. ಕೈಯಿಂದ ನಡೆಸುವ ಮಷೀನಿಗೆ ಇದು ಧಾರಾಳ ಸಾಕು. ಆದರೆ ಬಿಗಿತ ಸಲದಿಂದ ಸಲಕ್ಕೆ ಬೇರೆಯಾಗುತ್ತದೆ, ಸದ್ದಂತೂ ಕಿವಿಗಡಚಿಕ್ಕುವಂಥದ್ದು. ಸಿಎನ್‌ಸಿಗೆ ನನ್ನ ಒಲವು ಎರಡನೆಯದರ ಕಡೆಗೆ: ಡ್ರಾಬಾರನ್ನು ಸ್ಪ್ರಿಂಗಿನಿಂದ ಹಿಡಿದಿಟ್ಟು, ಗಾಳಿಯ ಸಿಲಿಂಡರಿನಿಂದ ಒತ್ತಿ ಬಿಡಿಸುವುದು.

ಫ್ರಾನ್ಸಿನ ಜೂಲಿಯನ್ ಬೆಲ್‌ವಿಲ್ 1867ರಲ್ಲಿ ಪೇಟೆಂಟ್ ಪಡೆದ, ಬಸಿಯಂತೆ ತುಸು ಗುಳಿ ಬಿದ್ದ ಉಕ್ಕಿನ ವಾಷರುಗಳೇ ಇಲ್ಲಿ ಜೀವಾಳ. ಎರಡನ್ನು ಒಂದರೊಳಗೊಂದು ಕೂರಿಸಿದರೆ ಬಲ ಇಮ್ಮಡಿ. ಎದುರುಬದುರಾಗಿ ಪೇರಿಸಿದರೆ ಚಲನೆ ಇಮ್ಮಡಿ. ಈ ಎರಡು ನಿಯಮಗಳನ್ನು ಬೆರೆಸಿ ಬೇಕಾದ ಹಿಡಿತವನ್ನು ಕಟ್ಟಿಕೊಳ್ಳಬಹುದು. ಸ್ಪ್ರಿಂಗ್ ಸದಾ ಮೇಲಕ್ಕೆಳೆದು ಹಿಡಿದಿರುತ್ತದೆ, ಗಾಳಿ ಬಂದಾಗಷ್ಟೇ ಬಿಡುತ್ತದೆ. ಕೆಲಸದ ನಡುವೆ ಕರೆಂಟು ಹೋದರೂ, ಕಂಪ್ರೆಸರ್ ಕೈಕೊಟ್ಟರೂ ಕಟ್ಟರ್ ಕೆಳಗೆ ಬೀಳುವುದಿಲ್ಲ. ವಾಷರುಗಳನ್ನು ಪೂರ್ತಿ ಚಪ್ಪಟೆಯಾಗುವವರೆಗೆ ಅದುಮದೆ ಮುಕ್ಕಾಲರಲ್ಲೇ ನಿಲ್ಲಿಸಿದರೆ ಆಯುಸ್ಸು ಹೆಚ್ಚು. ಹಾಗೆಯೇ ಒಂದಿಷ್ಟು ಒತ್ತಡ ಮೊದಲೇ ಕೊಟ್ಟಿರಬೇಕು, ಪೂರ್ತಿ ಸಡಿಲ ಬಿಟ್ಟು ಮತ್ತೆ ಮತ್ತೆ ಒತ್ತಿದರೆ ಬಿರುಕು ಬೇಗ ಹುಟ್ಟುತ್ತದೆ.

ಹಿಡಿತ 10 ಕಿಲೋನ್ಯೂಟನ್ ಇಟ್ಟರೆ ಬಿಡಿಸುವ ಕೊನೆಯಲ್ಲಿ ಅದು 12ಕ್ಕೆ ಏರಬಹುದು. 6 ಬಾರ್ ಗಾಳಿಯಲ್ಲಿ 100 ಮಿ.ಮೀ. ವ್ಯಾಸದ ಸಿಲಿಂಡರ್ ಕೊಡುವುದು 4.7 ಮಾತ್ರ. ಹಾಗಾಗಿ ಮೂರು ಪಿಸ್ಟನ್ನುಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಇಷ್ಟು ಮಾಡಿ, ಆ ಸಿಲಿಂಡರನ್ನು ಮಷೀನಿನ ತಲೆಗೆ ಬೋಲ್ಟ್ ಹಾಕಿ ಗಟ್ಟಿಯಾಗಿ ಕೂರಿಸಿದರೆ ಕೆಲಸ ಮುಗಿಯಿತೆಂದು ತೋರುತ್ತದೆ. ಕೆಡುವುದೂ ಅಲ್ಲೇ.

ಪಿಸ್ಟನ್ ಕೆಳಕ್ಕೆ ತಳ್ಳಿದ ಆ 12 ಕಿಲೋನ್ಯೂಟನ್ ಸ್ಪ್ರಿಂಗಿನ ಮೂಲಕ ಸ್ಪಿಂಡಲಿಗೆ, ಅಲ್ಲಿಂದ ಬೇರಿಂಗಿನ ಗುಂಡುಗಳಿಗೆ, ಆಮೇಲೆ ಮಷೀನಿನ ತಲೆಗೆ ಇಳಿಯುತ್ತದೆ. 6206ರಂಥ ಬಾಲ್ ಬೇರಿಂಗಿನ ಸ್ಥಿರ ಭಾರದ ಮಿತಿ ಸುಮಾರು 11 ಕಿಲೋನ್ಯೂಟನ್. ಅದೂ ಅಕ್ಷದ ಉದ್ದಕ್ಕೆ ಬೀಳುವ ಭಾರವಾದರೆ ಅದರ ಅರ್ಧವನ್ನು ಮೀರುವಂತಿಲ್ಲ. ಪ್ರತಿ ಟೂಲ್ ಬದಲಾವಣೆಯಲ್ಲೂ ಗುಂಡುಗಳು ತಮ್ಮ ಹಾದಿಯಲ್ಲಿ ಗುಳಿ ಒತ್ತುತ್ತ ಹೋಗುತ್ತವೆ. ಕ್ರಮೇಣ ಸ್ಪಿಂಡಲ್ ಗೊರಗುಟ್ಟತೊಡಗುತ್ತದೆ, ಅಲ್ಯೂಮಿನಿಯಂ ಮೇಲಿನ ನುಣುಪು ಹಾಳಾಗುತ್ತದೆ.

ಇದಕ್ಕೆ ಪರಿಹಾರ ತೇಲುವ ಸಿಲಿಂಡರ್. ಅದನ್ನು ಮಷೀನಿಗೆ ಬಿಗಿಯದೆ, ಗೈಡ್ ಪಿನ್ನುಗಳ ಮೇಲೆ ಹಗುರ ಸ್ಪ್ರಿಂಗುಗಳಲ್ಲಿ ನಿಲ್ಲಿಸಬೇಕು. ಸಿಲಿಂಡರಿನಿಂದ ಇಳಿದ ಕವಲು ತಟ್ಟೆಯೊಂದು ಸ್ಪಿಂಡಲಿನ ಮೇಲ್ತುದಿಯ ಕಾಲರಿನ ಅಡಿಗೆ ಚಾಚಿರಬೇಕು. ಗಾಳಿ ಬಂದಾಗ ಪಿಸ್ಟನ್ ಕೆಳಕ್ಕಿಳಿದು ಡ್ರಾಬಾರಿನ ತಲೆಯನ್ನು ಮುಟ್ಟುತ್ತದೆ, ಸಿಲಿಂಡರ್ ತಾನೇ ಮೇಲೆದ್ದು ಕವಲು ಕಾಲರನ್ನು ಕಚ್ಚುತ್ತದೆ. ಅಡಕತ್ತರಿಯ ಬಲ ಅದರ ಎರಡು ತೋಳುಗಳ ನಡುವೆಯೇ ತೀರುವ ಹಾಗೆ ಇಲ್ಲಿಯೂ ಒತ್ತಡವೆಲ್ಲ ಕವಲು ಮತ್ತು ಪಿಸ್ಟನ್ನಿನ ನಡುವೆ ಮುಗಿಯುತ್ತದೆ, ಬೇರಿಂಗಿಗೆ ಏನೂ ತಾಗದು. ಈ ಉಪಾಯವನ್ನು ಕಾಗದದ ಮೇಲೆ ಬಿಡಿಸಿ ನೋಡಿದಾಗೆಲ್ಲ ನನಗೆ ಹೊಸದಾಗಿ ಖುಷಿಯಾಗುತ್ತದೆ.

ಸ್ಪಿಂಡಲ್ ತಿರುಗುವಾಗ ಪಿಸ್ಟನ್ ಆಗಲಿ ಕವಲಾಗಲಿ ಎಲ್ಲಿಯೂ ತಾಗಬಾರದು; ಒಂದೆರಡು ಮಿಲಿಮೀಟರ್ ಸಂದು ಬೇಕೇ ಬೇಕು. ತಿರುಗುವಾಗ ವಾಲ್ವ್ ತೆರೆಯದಂತೆ ತಡೆ ಹಾಕುವುದನ್ನು ಬರೀ ಸಾಫ್ಟ್‌ವೇರಿಗೆ ಬಿಡಬೇಡಿ. ಸ್ಪಿಂಡಲ್ ನಿಂತಾಗ ಮಾತ್ರ ಕೂಡುವ ರಿಲೇ ಸಂಪರ್ಕದ ಮೂಲಕವೇ ವಾಲ್ವಿಗೆ ವಿದ್ಯುತ್ ಹೋಗಲಿ.

ಕಟ್ಟಿ ಮುಗಿಸಿದ ಮೇಲೆ ಡಯಲ್ ಗೇಜಿನ ಮ್ಯಾಗ್ನೆಟ್ ಸ್ಟ್ಯಾಂಡನ್ನು ಮಷೀನಿನ ತಲೆಗೆ ಅಂಟಿಸಿ, ಮುಳ್ಳನ್ನು ಸ್ಪಿಂಡಲಿನ ಮೂತಿಗೆ ತಾಗಿಸಿ ಗಾಳಿ ಬಿಟ್ಟು ನೋಡಿ. ಮುಳ್ಳು ಕೆಳಕ್ಕೋ ಮೇಲಕ್ಕೋ ಎದ್ದು ಕಾಣುವಷ್ಟು ಸರಿದರೆ ಸಿಲಿಂಡರ್ ಎಲ್ಲೋ ಸಿಕ್ಕಿಕೊಂಡಿದೆ, ಸಲೀಸಾಗಿ ತೇಲುತ್ತಿಲ್ಲ. ಗೈಡ್ ಪಿನ್ನುಗಳನ್ನು ಬಿಚ್ಚಿ ಮೊದಲು ಅವುಗಳ ನೇರ ಪರೀಕ್ಷಿಸಿ.