ಅಡ್ಡಬಿಲ್ಲು ಮತ್ತು ಒಂದು ಪೌಂಡ್ ಬಾದಾಮಿ

ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ ಗ್ರೆಶಮ್‌ನಲ್ಲಿ ಸುತ್ತ ನೀರಿನ ಕಂದಕವಿದ್ದ ಒಂದು ಚೌಕದ ಮನೆಯಿತ್ತು, ನಾಲ್ಕು ಮೂಲೆಗೆ ನಾಲ್ಕು ದುಂಡು ಬುರುಜು. ಕೋಟೆ ಎನ್ನಲು ಚಿಕ್ಕದು, ಮನೆ ಎನ್ನಲು ಜಂಬದ್ದು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಕಂದಕದ ಮನೆಗಳು ಸಾವಿರಾರು. ಬಹುಪಾಲು ಕಂದಕಗಳು ಸೈನ್ಯವನ್ನು ತಡೆಯುವಂಥವೇನೂ ಆಗಿರಲಿಲ್ಲ. ಕಳ್ಳರನ್ನು ದೂರವಿಡಲು, ಮೀನು ಸಾಕಲು, ಎಲ್ಲಕ್ಕಿಂತ ಹೆಚ್ಚಾಗಿ ನಾವೂ ದೊಡ್ಡವರೆಂದು ಊರಿಗೆ ತೋರಿಸಲು ಅವು ಬೇಕಾಗಿದ್ದವು.

ಪಾಸ್ಟನ್ ಕುಟುಂಬಕ್ಕೆ ಹಾಗೆ ತೋರಿಸಿಕೊಳ್ಳುವ ತುರ್ತಿತ್ತು. ಅಜ್ಜ ಕ್ಲೆಮೆಂಟ್ ಹೊಲ ಉತ್ತವನು. ಅವನ ಮಗ ವಿಲಿಯಂ ಕಾನೂನು ಓದಿ ನ್ಯಾಯಾಧೀಶನಾದ, ಗ್ರೆಶಮ್ ಕೊಂಡ. ಅವನು ಸತ್ತ ನಾಲ್ಕೇ ವರ್ಷಕ್ಕೆ, 1448ರಲ್ಲಿ, ಲಾರ್ಡ್ ಮೋಲಿನ್ಸ್ ಅದನ್ನು ಕಸಿದುಕೊಂಡ. ಆಗ ಸೊಸೆ ಮಾರ್ಗರೆಟ್ ದೂರದಲ್ಲಿದ್ದ ಗಂಡ ಜಾನ್‌ಗೆ ಬರೆಸಿದ ಕಾಗದವೊಂದು ಉಳಿದಿದೆ. ಅಡ್ಡಬಿಲ್ಲು ಕಳಿಸಿ, ಇಲ್ಲಿನ ಮನೆಗಳು ತಗ್ಗು, ಉದ್ದ ಬಿಲ್ಲು ಎಳೆಯಲಾಗದು ಎನ್ನುತ್ತಾಳೆ. ಎರಡು ಮೂರು ಗಿಡ್ಡ ಕೊಡಲಿಯೂ ಬೇಕು. ಮನೆ ಹೊಕ್ಕವರು ಕೋವಿಗಾಗಿ ಐದು ತೂತು ಕೊರೆದಿದ್ದಾರೆ, ನೆಲದಿಂದ ಮೊಣಕಾಲೆತ್ತರವೂ ಇಲ್ಲ. ಆಮೇಲೆ ಒಂದು ಪೌಂಡ್ ಬಾದಾಮಿ, ಒಂದು ಪೌಂಡ್ ಸಕ್ಕರೆ, ಮಕ್ಕಳ ಅಂಗಿಗೆ ಬಟ್ಟೆ.

ಪಾಸ್ಟನ್ ಪತ್ರಗಳ ಬಗ್ಗೆ ವರ್ಜೀನಿಯಾ ವುಲ್ಫ್ ‘ದಿ ಕಾಮನ್ ರೀಡರ್’ನಲ್ಲಿ (1925) ಬರೆದ ಪ್ರಬಂಧ ನನಗೆ ಬಹಳ ಇಷ್ಟ. ಆದರೂ ಒಂದು ತಕರಾರಿದೆ. ಅವರಿಗೆ ಮಾರ್ಗರೆಟ್ ವ್ಯವಹಾರದ ಹೆಂಗಸು. ಸಾಹಿತ್ಯ ಬರುವುದು ಕೆಲಸ ಬಿಟ್ಟು ಚಾಸರ್ ಓದುತ್ತ ಕೂರುವ ಹಿರಿಮಗನ ಜೊತೆಗೆ. ಬರವಣಿಗೆಯ ಸುಖಕ್ಕಾಗಿ ಬರೆದದ್ದು ಈ ಕಾಗದಗಳಲ್ಲಿಲ್ಲ ಎಂಬುದು ನಿಜ. ಆದರೆ ಅಡ್ಡಬಿಲ್ಲಿನಿಂದ ಬಾದಾಮಿಗೆ ದನಿ ಬದಲಿಸದೆ ದಾಟುವ ಆ ನಡೆಯನ್ನು ಏನೆನ್ನೋಣ? ಭಯ ಎಂಬ ಪದ ತನ್ನ ಬಗ್ಗೆ ಬಳಸದೆಯೇ ಅವಳು ಭಯವನ್ನು ಅಳೆದು ಕೊಟ್ಟಿದ್ದಾಳೆ, ಮೊಣಕಾಲಿನ ಲೆಕ್ಕದಲ್ಲಿ. ಇದನ್ನು ಬರಿಯ ದಾಖಲೆ ಎಂದು ಇತಿಹಾಸಕಾರರಿಗೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. (ಗುಮಾಸ್ತ ಬರೆದುಕೊಂಡ ಮಾತು ಅವಳದೇ ಹೌದೇ ಎಂದು ಕೇಳುವವರಿದ್ದಾರೆ. ಆ ತಗ್ಗು ಮನೆಯಲ್ಲಿ ನಿಂತಿದ್ದವಳು ಅವಳೇ ತಾನೇ.)

ಆಮೇಲೆ ಒಂದು ಜನವರಿಯಲ್ಲಿ ಮೋಲಿನ್ಸನ ಜನ ಮತ್ತೆ ಬಂದರು. ಜಾನ್ ಸಲ್ಲಿಸಿದ ಅರ್ಜಿಯ ಪ್ರಕಾರ ಸಾವಿರ ಮಂದಿ. ವಕೀಲನ ಸಂಖ್ಯೆ, ಸ್ವಲ್ಪ ಕಳೆದು ಓದಬಹುದು. ಅವಳಿದ್ದ ಕೋಣೆಯ ಗೋಡೆ ಕೊರೆದು, ಅವಳನ್ನು ಬಾಗಿಲಾಚೆ ಹೊತ್ತು ಹಾಕಿದರು. ಅರ್ಜಿಯಲ್ಲಿ ಅವಳು ಹೊತ್ತು ಹಾಕಿಸಿಕೊಂಡ ಹೆಂಡತಿ ಅಷ್ಟೆ. ತೂತು ಎಣಿಸಿದವಳು ಸಿಗುವುದು ಕಾಗದದಲ್ಲಿ.