ಟಾಕಿ ಕಾಯುವ ಡಬ್ಬಿ

ಮಾಳಿಗೆ ಮೇಲಿನ ನೀರಿನ ಟಾಕಿ ತುಂಬಿದೊಡನೆ ಮೋಟರ್ ನಿಲ್ಲಿಸಿ, ನೀರು ಇಳಿದಾಗ ಮತ್ತೆ ಶುರುಮಾಡುವ ಸಾಧನವನ್ನು ಈಗ ಮನೆಯಲ್ಲೇ ಕಟ್ಟಿಕೊಳ್ಳಬಹುದು. ಬೇಕಾಗುವ ಸಾಮಾನು ಹೆಚ್ಚಿಲ್ಲ: ಮೈಕ್ರೋಕಂಟ್ರೋಲರ್ ಇರುವ ಬೋರ್ಡು, ಮಟ್ಟ ಅಳೆಯುವ ಸೆನ್ಸರ್, ಒಂದು ರಿಲೇ, ಇವನ್ನೆಲ್ಲ ಹಿಡಿದಿಡಲು ತ್ರೀಡಿ ಪ್ರಿಂಟರಿನಲ್ಲಿ ತೆಗೆದ ಡಬ್ಬಿ. ಚೀನಾದ ಎಸ್‌ಪ್ರೆಸಿಫ್ ಕಂಪನಿ 2014ರಲ್ಲಿ ಇಎಸ್‌ಪಿ8266, 2016ರಲ್ಲಿ ಇಎಸ್‌ಪಿ32 ಚಿಪ್ಪುಗಳನ್ನು ತಂದ ಮೇಲೆ ವೈಫೈ ಇರುವ ಬೋರ್ಡು ಕೆಲವು ನೂರು ರೂಪಾಯಿಗೆ ಸಿಗತೊಡಗಿತು. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರದ ಮೇಲೆ ಪದರ ಕೂರಿಸುವ ವಿಧಾನದ ಮುಖ್ಯ ಪೇಟೆಂಟು 2009ರಲ್ಲಿ ಮುಗಿದು ಪ್ರಿಂಟರುಗಳೂ ಅಗ್ಗವಾದವು. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಇವೆರಡನ್ನೂ ಶಾಲೆಗಳೊಳಗೆ ತಂದಿತು.

ಇಂಥ ಸಾಧನವನ್ನು ಒರೆಗೆ ಹಚ್ಚಲು ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ತಕ್ಕ ಊರು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ಸರ್ಕಾರದ ದಾರಿ ಕಾಯದೆ, ತಾವೇ ಹಣ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಬ್ಯಾರೇಜ್ ಕಟ್ಟಿಕೊಂಡದ್ದು ಇಲ್ಲಿಯೇ. ಅದಕ್ಕೆ ಶ್ರಮಬಿಂದು ಸಾಗರ ಎಂದೇ ಹೆಸರು. ಬೇಕಾದದ್ದನ್ನು ನಾವೇ ಕಟ್ಟಿಕೊಳ್ಳೋಣ ಎಂಬ ಮಾತು ಈ ನೆಲಕ್ಕೆ ಹೊಸದಲ್ಲ. ಕಟ್ಟಿದ್ದು ಕಷ್ಟಕಾಲದಲ್ಲಿ ನಿಲ್ಲುತ್ತದೆಯೇ ಎಂಬುದೇ ಇಲ್ಲಿ ನಿಜವಾದ ಪ್ರಶ್ನೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ, ಕರೆಂಟ್ ಹೋಗಿ ಬರುವ, ವೋಲ್ಟೇಜ್ ಏರಿಳಿಯುವ ಸೀಮೆಯಲ್ಲಿ ಈ ಡಬ್ಬಿಯ ಬೆಲೆ ತಿಳಿಯುವುದು ಅದು ಚೆನ್ನಾಗಿ ನಡೆಯುವಾಗಲ್ಲ, ಕೈಕೊಡುವಾಗ.

ಮೊದಲಿಗೆ ಸೆನ್ಸರ್. ಹೆಚ್ಚಿನವರು ಆರಿಸುವುದು ಶ್ರವಣಾತೀತ ಶಬ್ದ ಬಿಟ್ಟು ಪ್ರತಿಧ್ವನಿಯಿಂದ ದೂರ ಲೆಕ್ಕಹಾಕುವ ಸೆನ್ಸರನ್ನು. ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, 40 ಡಿಗ್ರಿಯಲ್ಲಿ ಸುಮಾರು 355 ಮೀಟರ್. ಇದರಿಂದ ಒಂದು ಮೀಟರಿಗೆ ಮೂರು ಸೆಂಟಿಮೀಟರಿನಷ್ಟು ತಪ್ಪುತ್ತದೆ. ಮನೆಯ ಟಾಕಿಗೆ ಅದು ದೊಡ್ಡ ಮಾತಲ್ಲ. ದೊಡ್ಡ ದೋಷ ಬೇರೆ ಇದೆ. ನೀರಿಗೆ ಹೆದರದ ಅಗ್ಗದ ಸೆನ್ಸರುಗಳಿಗೆ 20ರಿಂದ 25 ಸೆಂಟಿಮೀಟರಿಗಿಂತ ಹತ್ತಿರದ ವಸ್ತು ಕಾಣುವುದೇ ಇಲ್ಲ. ಟಾಕಿ ತುಂಬುವ ಹೊತ್ತಿಗೆ, ಅಂದರೆ ಕಣ್ಣು ಬೇಕೇಬೇಕಾದ ಗಳಿಗೆಯಲ್ಲಿ, ಸಾಧನ ಕುರುಡಾಗುತ್ತದೆ. ಆದ್ದರಿಂದ ಮೇಲಿನ ಮಟ್ಟಕ್ಕೆ ಒಂದು ಸಾದಾ ಫ್ಲೋಟ್ ಸ್ವಿಚ್ ಇಲ್ಲದ ವಿನ್ಯಾಸವನ್ನು ಪೂರ್ಣ ಎನ್ನಲಾಗದು. ಮೊಬೈಲಿನಲ್ಲಿ ಶೇಕಡಾವಾರು ಮಟ್ಟ ತೋರಿಸಲು ಶಬ್ದದ ಸೆನ್ಸರ್ ಸಾಕು. ಮೋಟರ್ ನಿಲ್ಲಿಸುವ ಕೆಲಸ ಫ್ಲೋಟಿನದು.

ಮನೆಯಲ್ಲಿ ಕಟ್ಟಿದ ಸಾಧನಗಳಲ್ಲಿ ಅತಿ ಅಪಾಯದ ಭಾಗ ರಿಲೇ. ಬೋರ್ಡಿನ ಜೊತೆ ಬರುವ ಪುಟ್ಟ ನೀಲಿ ರಿಲೇಯ ಮೇಲೆ 10 ಆಂಪಿಯರ್ ಎಂದು ಬರೆದಿರುತ್ತದೆ. ಒಂದು ಎಚ್‌ಪಿ ಮೋಟರ್ ಓಡುವಾಗ ಎಳೆಯುವುದು 5ರಿಂದ 7 ಆಂಪಿಯರ್, ಹಾಗಾಗಿ ಇದು ಸಾಕು ಎನಿಸುತ್ತದೆ. ಆದರೆ ಮೋಟರ್ ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಕರೆಂಟ್ ಹರಿಯುತ್ತದೆ. ಸಂಪರ್ಕದ ತುದಿಗಳ ನಡುವೆ ಕಿಡಿ ಹಾರಿ, ಲೋಹ ಕರಗಿ, ಒಂದು ದಿನ ಎರಡೂ ತುದಿ ಬೆಸೆದುಕೊಳ್ಳುತ್ತವೆ. ಪ್ರೋಗ್ರಾಂ ‘ನಿಲ್ಲು’ ಎನ್ನುತ್ತದೆ, ಮೊಬೈಲಿನಲ್ಲಿ ಮೋಟರ್ ಬಂದ್ ಎಂದೇ ಕಾಣುತ್ತದೆ, ಮಾಳಿಗೆಯಿಂದ ನೀರು ಸುರಿಯುತ್ತಲೇ ಇರುತ್ತದೆ. ಆದ್ದರಿಂದ ಪುಟ್ಟ ರಿಲೇ, ಹೆಚ್ಚು ಕರೆಂಟ್ ತಾಳುವ ಸ್ವಿಚ್ಚಾದ ಕಾಂಟ್ಯಾಕ್ಟರನ್ನು ಎಳೆಯಬೇಕು, ಕಾಂಟ್ಯಾಕ್ಟರ್ ಮೋಟರನ್ನು ನಡೆಸಬೇಕು, ಮುಂದೆ ಎಂಸಿಬಿ ಇರಬೇಕು. ಕೈಯಿಂದ ಒತ್ತುವ ಹಳೆಯ ಸ್ವಿಚ್ಚನ್ನು ಕಿತ್ತೊಗೆಯಬಾರದು. ಈ ಜೋಡಣೆಯನ್ನು ಬಲ್ಲ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು. 230 ವೋಲ್ಟ್ ಕಲಿಯುವವರೆಂದು ಕರುಣೆ ತೋರುವುದಿಲ್ಲ.

ಪ್ರದರ್ಶನಗಳಲ್ಲಿ ಎಲ್ಲರೂ ಮೊದಲು ಮೆಚ್ಚುವುದು ಡಬ್ಬಿಯನ್ನು. ಅದರ ಚೆಲುವಿಗಿಂತ ವಸ್ತುವನ್ನು ಕೇಳಬೇಕು. ಗೋವಿನಜೋಳದ ಪಿಷ್ಟದಿಂದ ತಯಾರಾಗುವ ಪಿಎಲ್‌ಎ ಪ್ಲಾಸ್ಟಿಕ್ ಪ್ರಿಂಟ್ ಮಾಡಲು ಸುಲಭ, ಆದ್ದರಿಂದ ಎಲ್ಲೆಡೆ ಅದೇ ಬಳಕೆ. ಅದು 60 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ. ಏಪ್ರಿಲಿನ ಬಿಸಿಲಿಗೆ ಒಡ್ಡಿದ ಕಪ್ಪು ಡಬ್ಬಿ ಆ ಶಾಖವನ್ನು ಮುಟ್ಟಬಲ್ಲದು. ಮುಚ್ಚಳ ಸೊಟ್ಟಗಾಗಿ, ಸ್ಕ್ರೂ ಹಿಡಿತ ಸಡಿಲಿ, ಮೊದಲ ಮಳೆಗೆ ನೀರು ಒಳಗೆ ಹೊಕ್ಕರೆ ಕೆಲಸ ಮುಗಿಯಿತು. ಪಿಇಟಿಜಿ ಸುಮಾರು 80 ಡಿಗ್ರಿಯವರೆಗೆ, ಎಎಸ್‌ಎ 100 ಡಿಗ್ರಿಯ ಆಸುಪಾಸಿನವರೆಗೆ ತಾಳುತ್ತವೆ. ಬಿಸಿಲಿಗೆ ಎಎಸ್‌ಎ ಹೆಚ್ಚು ಬಾಳಿಕೆಯದು. ಪದರಗಳ ಸಂದಿನಲ್ಲಿ ಸಣ್ಣಗೆ ನೀರು ಜಿನುಗುವುದುಂಟು, ಆದ್ದರಿಂದ ಗೋಡೆ ದಪ್ಪವಾಗಿರಬೇಕು, ತಂತಿ ಒಳಹೋಗುವ ತೂತು ಕೆಳಬದಿಗೆ ಇರಬೇಕು. ಇಷ್ಟೆಲ್ಲ ಆದರೂ 230 ವೋಲ್ಟಿನ ಭಾಗಕ್ಕೆ ಪ್ರಿಂಟ್ ಮಾಡಿದ ಡಬ್ಬಿ ಸಲ್ಲದು. ಮನೆಯ ಪ್ರಿಂಟರಿನ ಸಾಮಾನ್ಯ ಎಳೆಗೆ ಬೆಂಕಿ ತಡೆಯುವ ಗುಣವಿಲ್ಲ. ಕಾಂಟ್ಯಾಕ್ಟರ್ ಅಂಗಡಿಯ ಡಬ್ಬಿಯಲ್ಲಿ, ಮನೆಯೊಳಗೆ ಇರಲಿ. ಟಾಕಿಯ ಬಾಯಿಗೆ ಸರಿಯಾಗಿ ಕೂರುವ ಸೆನ್ಸರ್ ಹಿಡಿಕೆ, ಅಂಗಡಿಯಲ್ಲಿ ಸಿಗದ ಅಳತೆಯ ಬಿಲ್ಲೆ, ಇಂಥವುಗಳಲ್ಲಿ ಪ್ರಿಂಟರ್ ತನ್ನ ಬೆಲೆಯನ್ನು ನಿಜವಾಗಿ ತೀರಿಸುತ್ತದೆ.

ಪ್ರೋಗ್ರಾಮಿನಲ್ಲಿ ನೋಡಬೇಕಾದದ್ದು ಮೂರು ಗುಣ. ಕರೆಂಟ್ ಮರಳಿದಾಗ ಮೋಟರ್ ಬಂದ್ ಸ್ಥಿತಿಯಲ್ಲೇ ಉಳಿದು, ವೋಲ್ಟೇಜ್ ಸ್ಥಿರವಾಗುವವರೆಗೆ ಕಾಯಬೇಕು. ಬೋರ್ಡು ಚಾಲೂ ಆಗುವಾಗ ಕೆಲವು ಪಿನ್ನುಗಳು ತಾವಾಗಿ ಸ್ಥಿತಿ ಬದಲಿಸಿ ರಿಲೇಯನ್ನು ಎಳೆದುಬಿಡುವುದರಿಂದ ಪಿನ್ನಿನ ಆಯ್ಕೆಯೂ ಇಲ್ಲಿ ಮುಖ್ಯ. ಮೋಟರ್ ಓಡಿಯೂ ಕೆಲವು ನಿಮಿಷದಲ್ಲಿ ಮಟ್ಟ ಏರದಿದ್ದರೆ ಬೋರಿನಲ್ಲಿ ನೀರಿಲ್ಲವೆಂದು ತಿಳಿದು ನಿಲ್ಲಿಸಬೇಕು. ಒಣ ಓಟದಲ್ಲಿ ಪಂಪು ಸುಡುವುದು ಇದರಿಂದ ತಪ್ಪುತ್ತದೆ. ಕೊನೆಯದಾಗಿ, ಇಂಟರ್ನೆಟ್ ಇಲ್ಲದಿದ್ದರೂ ಇಡೀ ಕೆಲಸ ನಡೆಯಬೇಕು. ದೂರದ ಸರ್ವರಿನ ಅಪ್ಪಣೆ ಬಂದರೆ ಮಾತ್ರ ನೀರು ಏರುವ ವ್ಯವಸ್ಥೆ ಹಳ್ಳಿಗೂ ಬೇಡ, ಪಟ್ಟಣಕ್ಕೂ ಬೇಡ. ಇಎಸ್‌ಪಿಹೋಮ್, ಟಾಸ್ಮೋಟಾದಂಥ ಮುಕ್ತ ತಂತ್ರಾಂಶಗಳು ಈ ಸ್ವಾತಂತ್ರ್ಯವನ್ನು ಪುಕ್ಕಟೆಯಾಗಿ ಕೊಡುತ್ತವೆ.

ಪೇಟೆಯಲ್ಲಿ ಸಿಗುವ ಸಿದ್ಧ ನಿಯಂತ್ರಕಕ್ಕಿಂತ ಇದು ಅಗ್ಗ ಎಂಬ ವಾದ, ಕಾಂಟ್ಯಾಕ್ಟರ್, ಎಂಸಿಬಿ, ಒಳ್ಳೆಯ ಡಬ್ಬಿಗಳ ಲೆಕ್ಕ ಸೇರಿಸಿದರೆ ಅಷ್ಟಾಗಿ ನಿಲ್ಲುವುದಿಲ್ಲ. ನಿಲ್ಲುವುದು ರಿಪೇರಿಯ ವಾದ. ಕೆಟ್ಟ ಸೆನ್ಸರನ್ನು ಮಾತ್ರ ಬದಲಿಸಬಹುದು, ಒಡೆದ ಹಿಡಿಕೆಯನ್ನು ಅದೇ ಫೈಲಿನಿಂದ ಮತ್ತೆ ಪ್ರಿಂಟ್ ಮಾಡಬಹುದು. ಕಟ್ಟಿದ ಹುಡುಗ ಓದಲು ಬೇರೆ ಊರಿಗೆ ಹೋದ ಮೇಲೂ ಇದು ಸಾಧ್ಯವಾಗಬೇಕಾದರೆ ತಂತಿಗಳ ನಕ್ಷೆ, ಬೋರ್ಡಿನ ಹೆಸರು, ಪ್ರತಿ ಪಿನ್ನಿನ ಕೆಲಸ ಕನ್ನಡದಲ್ಲಿ ಬರೆದು ಮುಚ್ಚಳದ ಒಳಮೈಗೆ ಅಂಟಿಸಿರಬೇಕು.