ಬಹುಮಾನ ಬಾರದಿದ್ದರೆ ಇಶಾನನ ಗತಿಯೇನು?

2007ರ ಡಿಸೆಂಬರ್‌ನಲ್ಲಿ ತೆರೆಕಂಡ ‘ತಾರೆ ಜಮೀನ್ ಪರ್’ ಹಿಂದಿ ಚಿತ್ರವನ್ನು ನೋಡಿ ಕಣ್ಣೊರೆಸಿಕೊಂಡವರು ನಮ್ಮ ಕನ್ನಡ ಮನೆಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅಮೋಲ್ ಗುಪ್ತೆಯವರ ಕಥೆ, ಆಮೀರ್ ಖಾನರ ನಿರ್ದೇಶನ. ಅಂದು ಅತ್ತವರು ಅದನ್ನು ಇನ್ನೊಮ್ಮೆ ನೋಡಬೇಕೆಂದು ನನ್ನ ಬಿನ್ನಹ. ಮೆಚ್ಚತಕ್ಕದ್ದು ಅದರಲ್ಲಿ ಬಹಳವಿದೆ. ತಕರಾರು ತೆಗೆಯಬೇಕಾದದ್ದೂ ಇದೆ.

ಮೂರನೆಯ ತರಗತಿಯ ಇಶಾನ್ ಅವಸ್ಥಿಗೆ ಕಾಗದದ ಮೇಲೆ ಅಕ್ಷರ ನಿಲ್ಲುವುದಿಲ್ಲ, ಬಣ್ಣ ಮಾತ್ರ ನಿಲ್ಲುತ್ತದೆ. ಮೂರೊಂಬತ್ತಲೆಷ್ಟು ಎಂದು ಕೇಳಿದರೆ ಅವನ ಮನಸ್ಸು ಮೂರನೆಯ ಗ್ರಹವಾದ ಭೂಮಿಯನ್ನೇರಿ ಒಂಬತ್ತನೆಯದಾದ ಪ್ಲೂಟೋಗೆ ಡಿಕ್ಕಿ ಹೊಡೆಯುತ್ತದೆ. ಉಳಿದದ್ದು ಮೂರು, ಆದ್ದರಿಂದ ಉತ್ತರ ಮೂರು! ಬುದ್ಧಿಗೆ ಕೊರತೆಯಿಲ್ಲ, ತೊಡಕಿರುವುದು ಓದು ಬರಹದ ದಾರಿಯಲ್ಲಿ ಎಂಬುದನ್ನು ಯಾವ ಭಾಷಣವೂ ಇಷ್ಟು ಚೆನ್ನಾಗಿ ಹೇಳಲಾರದು. ಹಾಸ್ಟೆಲ್ ಶಾಲೆಗೆ ಅಟ್ಟಿದ ಮೇಲೆ ಹುಡುಗ ಚಿತ್ರ ಬರೆಯುವುದನ್ನೇ ಬಿಟ್ಟುಬಿಡುತ್ತಾನೆ. ಇದು ಈ ಚಿತ್ರದ ಅತ್ಯಂತ ಸತ್ಯವಾದ ಭಾಗ. ಮನಸ್ಸು ಮುರಿದರೆ ಮೊದಲು ಬತ್ತುವುದು ಮಗುವಿಗೆ ಒಲಿದಿದ್ದ ವಿದ್ಯೆಯೇ.

ಆಮೇಲೆ ಬರುತ್ತಾರೆ ನಿಕುಂಭ್ ಮೇಷ್ಟ್ರು. ಮರಳು, ಜೇಡಿಮಣ್ಣು, ಮೆಟ್ಟಿಲುಗಳ ಮೇಲೆ ಲೆಕ್ಕ – ವಿಧಾನ ಸರಿಯೇ. ಆದರೆ ವರ್ಷಗಟ್ಟಲೆ ಹಿಡಿಯುವ ಕೆಲಸ ಒಂದು ಹಾಡಿನೊಳಗೆ ಮುಗಿದುಹೋಗುತ್ತದೆ. ಕೊನೆಗೆ ಚಿತ್ರಸ್ಪರ್ಧೆ. ತೀರ್ಪು ಕೊಡುವವರು ಕಲಾವಿದೆ ಲಲಿತಾ ಲಾಜ್ಮಿ. (ಗುರುದತ್ತರ ತಂಗಿ, ನಮ್ಮ ಪಡುಕೋಣೆ ಮನೆತನದ ಮಗಳು, 2023ರಲ್ಲಿ ತೀರಿಕೊಂಡರು.) ಹುಡುಗ ಗೆಲ್ಲುತ್ತಾನೆ, ತಂದೆಯ ಕಣ್ಣು ತುಂಬುತ್ತದೆ. ನನ್ನ ತಕರಾರು ಇಲ್ಲಿಯೇ. ಇಶಾನನಿಗೆ ಕುಂಚ ಹಿಡಿಯಲು ಬಾರದಿದ್ದರೆ? ಮೇಷ್ಟ್ರು ತರಗತಿಯಲ್ಲಿ ಹೇಳುವ ಮಹಾಪುರುಷರ ಪಟ್ಟಿಯೂ ಅಂಥದೇ. ಐನ್‌ಸ್ಟೈನ್, ಡ ವಿಂಚಿಯವರಿಗೆ ಡಿಸ್ಲೆಕ್ಸಿಯಾ ಇತ್ತೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಇದ್ದರೂ ಅದು ಮಗುವಿನ ಮೇಲೆ ಇನ್ನೊಂದು ಹೊರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಕಲಿಕೆಯ ಈ ತೊಡಕನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಆ ಕಾಯಿದೆ ಮಗುವಿಗೆ ಏನು ಪ್ರತಿಭೆಯಿದೆಯೆಂದು ಕೇಳುವುದಿಲ್ಲ. ಚಿತ್ರ ಕೇಳುತ್ತದೆ.

ಇನ್ನೊಂದು ಬಗೆಯ ಮಗುವೂ ಇದೆ. ಅದು ಈ ಚಿತ್ರದಲ್ಲಿಲ್ಲ. ಚುರುಕು ಬುದ್ಧಿ, ಕೇಳಿದ್ದನ್ನು ನೆನಪಿನಿಂದಲೇ ಒಪ್ಪಿಸಿ ಸಾಧಾರಣ ಅಂಕ ಪಡೆದು ಪಾಸಾಗುತ್ತಾ ಹೋಗುತ್ತದೆ. ಬುದ್ಧಿ ತೊಡಕನ್ನು ಮುಚ್ಚುತ್ತದೆ, ತೊಡಕು ಬುದ್ಧಿಯನ್ನು ಮುಚ್ಚುತ್ತದೆ. ಪಾಠ ದೊಡ್ಡದಾಗುವ ಏಳನೆಯ, ಎಂಟನೆಯ ತರಗತಿಯಲ್ಲಿ ಒಮ್ಮೆಲೇ ಕುಸಿದಾಗ “ಸೋಮಾರಿ” ಎಂಬ ಬಿರುದು. ತಾನು ಜಾಣನೋ ದಡ್ಡನೋ ಎಂಬುದೇ ಆ ಮಗುವಿಗೆ ತಿಳಿಯದು. ಅದಕ್ಕೆ ಟ್ಯೂಷನ್ನಿಗಿಂತ ಮುಂಚೆ ಬೇಕಾದದ್ದು ಎದುರು ಕೂತು, ಬೈಯದೆ, ನಿನಗೆ ಆಗುತ್ತಿರುವುದು ಇದು ಎಂದು ಬಿಡಿಸಿ ಹೇಳುವವರು.

ಆ ಮಾತು ಯಾವ ಭಾಷೆಯಲ್ಲಿ? ನಾನು ಈ ಚಿತ್ರವನ್ನು ಇಷ್ಟು ಕೆದಕುತ್ತಿರುವುದು ಇದಕ್ಕಾಗಿಯೇ. ನಾಸಿಕ್ ಜಿಲ್ಲೆಯ ಪಿಂಪಳಗಾಂವ್ ಬಸವಂತವನ್ನೇ ತೆಗೆದುಕೊಳ್ಳಿ: ಆಗ್ರಾ ಹೆದ್ದಾರಿಯ ಮೇಲಿನ ದ್ರಾಕ್ಷಿ, ಈರುಳ್ಳಿ, ಟೊಮೆಟೊ ಪೇಟೆ. ಹೋಟೆಲಿಗೋ ನೌಕರಿಗೋ ಬಂದು ಅಂಥ ಊರಲ್ಲಿ ನೆಲೆಸಿದ ಕನ್ನಡ ಮನೆಯ ಮಗುವಿಗೆ ಒಳಗೆ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಓದಿನಲ್ಲಿ ಎಡವಿತೆಂದರೆ ಮೊದಲ ಸಲಹೆ, “ಮನೆಯಲ್ಲಿ ಕನ್ನಡ ನಿಲ್ಲಿಸಿ”. ಹಲವು ಭಾಷೆ ಆಡುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ. ಅಕ್ಷರದ ತೊಡಕಿಗೆ ಮಾತನ್ನು ಕಿತ್ತುಕೊಂಡರೆ ಮಗು ತನ್ನ ಅಳಲು ತೋಡಿಕೊಳ್ಳುವುದು ಅಜ್ಜಿಯ ಬಳಿಯೋ ಮರಾಠಿ ನೆರೆಮನೆಯಲ್ಲೋ? ಪರೀಕ್ಷೆಯೂ ಮನೆಮಾತಿನಲ್ಲಿ ಆಗಬೇಕು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ‘ಡಾಲಿ’ ಪರೀಕ್ಷಾಕ್ರಮ ಹಿಂದಿ, ಇಂಗ್ಲಿಷ್‌ಗಳ ಜೊತೆಗೆ ಮರಾಠಿಯಲ್ಲೂ ಕನ್ನಡದಲ್ಲೂ ಇದೆ. ಪಿಂಪಳಗಾಂವಿನಿಂದ ಮುಂಬಯಿ ಸುಮಾರು 200 ಕಿಲೋಮೀಟರ್. ಸಾಯನ್ ಆಸ್ಪತ್ರೆಯಲ್ಲಿ ಈ ತೊಡಕಿಗೆಂದೇ ಒಂದು ಕ್ಲಿನಿಕ್ ಇದೆ. ನಮ್ಮ ಸಂಘದವರು ಇಂಥ ತಾಯಂದಿರ ಜೊತೆಗೆ ಒಂದು ದಿನ ಅಲ್ಲಿಗೆ ಹೋಗಿಬಂದರೆ, ನಾಡಹಬ್ಬದ ಒಂದು ಮೆರವಣಿಗೆ ಕಡಿಮೆಯಾದರೂ ನಷ್ಟವಿಲ್ಲ.

ಮತ್ತೆ ಚಿತ್ರಕ್ಕೆ ಬರೋಣ. ತಾಯಿ ಮಾಯಾ ಕೆಲಸ ಬಿಟ್ಟು ಮಗನಿಗೆ ಪಾಠ ಹೇಳಿದವಳು. ತಪ್ಪುಗಳನ್ನು ಅವಳು ದಿನವೂ ನೋಡಿದ್ದಾಳೆ. ಒಂದೇ ತಪ್ಪು ಮರಳಿ ಮರಳಿ ಬರುತ್ತಿದೆಯೆಂದು ನಿಕುಂಭ್ ತೋರಿಸಿಕೊಟ್ಟಾಗಲೇ ಅವಳಿಗೆ ಹೊಳೆಯುವುದು. ಅಷ್ಟು ಹೇಳಿದ ಮೇಲೆ ನಿರ್ದೇಶಕರು ಅವಳನ್ನು ಮರೆತುಬಿಡುತ್ತಾರೆ. ಮಗನೊಡನೆ ಇನ್ನು ಹೇಗೆ ಕೂರಬೇಕು, ಏನು ಮಾತಾಡಬೇಕು ಎಂದು ಅವಳಿಗೆ ಯಾರೂ ಕಲಿಸುವುದಿಲ್ಲ. ಕಡೆಯ ದೃಶ್ಯದಲ್ಲಿ ಮನೆಗೆ ಹೊರಟ ಹುಡುಗ ತಿರುಗಿ ಓಡಿಹೋಗುವುದು ಮೇಷ್ಟ್ರ ತೋಳಿಗೆ. ರಜೆಯ ಆ ಎರಡು ತಿಂಗಳು ಅವಳ ಮನೆಯಲ್ಲಿ ಹೇಗೆ ಕಳೆದವೋ, ಚಿತ್ರ ಹೇಳುವುದಿಲ್ಲ.